ಮಲ್ಪೆಯ ‘ರಂಪಣಿ ಕಾಲ’ ಅಂದರೆ ಏನು? ಗೊತ್ತಿದ್ದವರು ಹೇಳಿ

ಕಲ್ಯಾಣಪುರದ ಸೊಸೆ:
ನಾನು ಘಟ್ಟದ ಮೇಲಿನವಳು. ಮದುವೆಯಾಗಿ ಉಡುಪಿ ಕಡೆ ಬಂದು 11 ವರ್ಷ. ಮಗಳಿಗೆ ಶಾಲೆಯಲ್ಲಿ ಹತ್ತಿರದ ಒಂದು ಊರಿನ ಚರಿತ್ರೆ ಬರೆಯಲು ಹೇಳಿದ್ದಾರೆ. ಅವಳು ಮಲ್ಪೆ ಆರಿಸಿಕೊಂಡಳು. ಹುಡುಕಿದರೆ ವಾಸ್ಕೋ ಡ ಗಾಮ, ಸೈಂಟ್ ಮೇರೀಸ್ ದ್ವೀಪ, ಇಷ್ಟೇ. ಅತ್ತೆಯನ್ನು ಕೇಳಿದರೆ, "ರಂಪಣಿ ಕಾಲದಲ್ಲಿ ಬೂತಾಯಿ ಮೀನು ತಿಂದು ಮುಗಿಯದೆ ತೆಂಗಿನ ಬುಡಕ್ಕೆ ಹಾಕುತ್ತಿದ್ದೆವು" ಅಂದರು. ನಂಬಲು ಕಷ್ಟವಾಯಿತು. ರಂಪಣಿ ಅಂದರೆ ಬಲೆಯಾ, ದೋಣಿಯಾ?

ಪಡುಕರೆಯವ:
ಅಕ್ಕ, ನಿಮ್ಮ ಅತ್ತೆ ಹೇಳಿದ್ದು ಸತ್ಯ. ಬೂತಾಯಿ ಗೊಬ್ಬರವೂ ಆಗಿತ್ತು. ಅದರ ಎಣ್ಣೆಯನ್ನು ದೋಣಿಯ ಮರಕ್ಕೆ ಬಳಿಯುತ್ತಿದ್ದರು.

ರಂಪಣಿ ಅಂದರೆ ಬಲೆ. ನನ್ನ ಅಪ್ಪ ಅದನ್ನು ಎಳೆದವರು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಬಲೆಯ ಒಂದು ತುದಿಯ ಹಗ್ಗ ದಡದಲ್ಲೇ ಇರುತ್ತದೆ. ಪಂಡಿ ಎಂಬ ದೊಡ್ಡ ದೋಣಿ ಬಲೆ ಇಳಿಸುತ್ತಾ ಕಡಲಲ್ಲಿ ಅರ್ಧ ಸುತ್ತು ಬಂದು, ಇನ್ನೊಂದು ತುದಿಯನ್ನು ಬಹಳ ಆಚೆ ದಡಕ್ಕೆ ಮುಟ್ಟಿಸುತ್ತದೆ. ಆಮೇಲೆ ಎರಡೂ ಕಡೆಯಿಂದ ಎಳೆಯಬೇಕು. ಅದಕ್ಕೆ 60–80 ಜನ ಬೇಕು. ಬಲೆ ಒಬ್ಬರದ್ದಲ್ಲ. ಒಬ್ಬೊಬ್ಬರ ಮನೆಯಿಂದ ಒಂದೊಂದು ತುಂಡು ಬಂದು, ಎಲ್ಲ ಸೇರಿಸಿ ಕಟ್ಟಿದ್ದು. ದುಡ್ಡೂ ಹಾಗೇ ಪಾಲು. ಬಂಗುಡೆ ಜಾಸ್ತಿ ಬಿದ್ದರೆ ಬಲೆಯನ್ನು ನೀರಲ್ಲೇ ಕಟ್ಟಿ ನಿಲ್ಲಿಸಿ, ಜೀವಂತ ಮೀನನ್ನು ಎರಡು ಮೂರು ದಿನ ಬೇಕಾದಷ್ಟೇ ತೆಗೆಯುತ್ತಿದ್ದರು. ಆಗ ಐಸ್ ಎಲ್ಲಿತ್ತು?

ಅಪ್ಪ ಬೆಳಿಗ್ಗೆ ಹಲ್ಲುಜ್ಜುತ್ತಾ ಕಡಲು ನೋಡುತ್ತಿದ್ದರು. ನೀರಿನ ಬಣ್ಣ, ಹಕ್ಕಿ ಇಳಿಯುವ ರೀತಿ ನೋಡಿ ಮೀನಿನ ಗುಂಪು ಗುರುತಿಸುತ್ತಿದ್ದರು. ರಂಪಣಿ ನಿಂತ ಮೇಲೂ, ಸಾಯುವವರೆಗೂ ಅವರು ಹಾಗೇ ನೋಡುತ್ತಿದ್ದರು.

ನಿಂತದ್ದು ಯಾಕೆಂದರೆ, 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ರಂಪಣಿಗೆ ಮೀನು ದಡಕ್ಕೆ ಬರಬೇಕು. ಪರ್ಸೀನ್‌ನವರು ಅದು ಬರುವ ಮೊದಲೇ ಕಡಲಲ್ಲಿ ಮೀನಿನ ಗುಂಪಿಗೆ ಬಲೆ ಸುತ್ತುಹಾಕಿದರು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಈಗ ಉಳಿದದ್ದು ಸಣ್ಣ ಕೈರಂಪಣಿ. ನಾನೂ 20 ವರ್ಷ ಟ್ರಾಲ್ ಬೋಟಿನಲ್ಲಿ (ಬಲೆಯನ್ನು ಹಿಂದೆ ಎಳೆದುಕೊಂಡು ಹೋಗುವ ಯಂತ್ರದ ಬೋಟು) ದುಡಿದು ಮಕ್ಕಳನ್ನು ಓದಿಸಿದವನು, ಬೋಟು ಬಂದದ್ದು ತಪ್ಪು ಎನ್ನಲಾರೆ. ಆದರೆ ಮಲ್ಪೆಯ ಚರಿತ್ರೆಯನ್ನು ಎರಡು ಭಾಗ ಮಾಡುವುದಾದರೆ ಅಲ್ಲೇ ಗೆರೆ ಎಳೆಯಬೇಕು.

ಎಕ್ಕೂರು ಹಳೆ ವಿದ್ಯಾರ್ಥಿ:
ಮೀನು ದಡಕ್ಕೆ ಯಾಕೆ ಬರುತ್ತಿತ್ತು ಅಂತಲೂ ಮಗು ಬರೆಯಲಿ. ಮುಂಗಾರಿನ ಹೊತ್ತಿಗೆ ಮೇಲಿನ ನೀರು ದಡದಿಂದ ಆಚೆ ಸರಿಯುತ್ತದೆ. ಅಡಿಯ ತಣ್ಣನೆ ನೀರು ಮೇಲೆ ಬರುತ್ತದೆ. ಅದರಲ್ಲಿ ಸಾರ ಜಾಸ್ತಿ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಹುಲುಸಾಗಿ ಬೆಳೆಯುತ್ತದೆ, ಅದನ್ನು ತಿನ್ನಲು ಬೂತಾಯಿ ಬರುತ್ತದೆ. ಅದಕ್ಕೇ ಮಳೆ ಕಳೆದ ಮೇಲೆ ರಂಪಣಿಯ ಸುಗ್ಗಿ. ಈಗ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ ಇರುವುದೂ ಮೀನು ಮರಿ ಮಾಡುವ ಕಾಲ ಅಂತ.

ಕೊಡವೂರು ಮಾಸ್ತರು:
ವಾಸ್ಕೋ ಡ ಗಾಮನನ್ನು ಬಿಡಬೇಡಿ ತಾಯಿ, ಸರಿಯಾಗಿ ಬರೆಸಿ. ದ್ವೀಪಕ್ಕೆ ಬಂದು ಆಮೇಲೆ ಕಲ್ಲಿಕೋಟೆಗೆ ಹೋದ ಎಂದು ತುಂಬಾ ಜನ ಹೇಳುತ್ತಾರೆ. ಅವನು ಕಲ್ಲಿಕೋಟೆ ಮುಟ್ಟಿದ್ದು 1498ರ ಮೇ ತಿಂಗಳಲ್ಲಿ. ಇತ್ತ ಬಂದದ್ದು ವಾಪಸ್ ಹೋಗುವಾಗ, ಸೆಪ್ಟೆಂಬರ್‌ನಲ್ಲಿ. ದ್ವೀಪದಲ್ಲಿ ಕಂಬ ನೆಟ್ಟು ಸಾಂತಾ ಮರಿಯಾ ಎಂದು ಹೆಸರಿಟ್ಟರು. ಜೊತೆಗಿದ್ದವನೊಬ್ಬ ಬರೆದ ದಿನಚರಿಯಲ್ಲಿ ಒಂದು ಮಾತಿದೆ: ದಡದಿಂದ ದೋಣಿಗಳಲ್ಲಿ ಮೀನು ತಂದವರು ಧೈರ್ಯವಾಗಿ ಹಡಗು ಹತ್ತಿದರು, ಅವರಿಗೆ ಅಂಗಿ ಕೊಟ್ಟರು ಅಂತ. ನನಗೆ ಕಂಬಕ್ಕಿಂತ ಆ ಮೀನಿನವರೇ ಮುಖ್ಯ.

ಕಲ್ಯಾಣಪುರದ ಸೊಸೆ:
ಎಲ್ಲರಿಗೂ ಧನ್ಯವಾದ. ಮಗಳಿಗೆ ಓದಿ ಹೇಳಿದೆ. ಅತ್ತೆಯೂ ಪಕ್ಕದಲ್ಲಿ ಕೂತು ಕೇಳಿದರು. ಪಡುಕರೆ ಅಣ್ಣ, ಮಗಳ ಪ್ರಶ್ನೆ ಒಂದಿದೆ. ನಿಮ್ಮ ಮನೆಯ ಬಲೆಯ ತುಂಡು ಏನಾಯಿತು?

ಪಡುಕರೆಯವ:
ಅಟ್ಟದಲ್ಲಿದೆ ಅಕ್ಕ. ಅರ್ಧ ಇಲಿ ತಿಂದಿದೆ, ಉಳಿದರ್ಧ ಗಟ್ಟಿ ಇದೆ. ಭಾನುವಾರ ಮಗಳನ್ನು ಕರ್ಕೊಂಡು ಬನ್ನಿ, ಅತ್ತೆಯನ್ನೂ. ಇಳಿಸಿ ಅಂಗಳದಲ್ಲಿ ಹರಡುತ್ತೇನೆ.