ತಾನೇ ಆಫ್ ಆಯ್ತಾ, ತಾನಾಗೇ ಆಫ್ ಆಯ್ತಾ?

ಎಲ್ಲರಿಗೂ ನಮಸ್ಕಾರ.

ಒಂದೇ ಸಾಲಿನ ಚೀಟಿ ಬರೆಯೋಕೆ ಹೋಗಿ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು ಕ್ರಿಯಾಪದ ಬೇಕು.

ನಾನಿರೋದು ಹಾಸನದಲ್ಲಿ. ಅಪ್ಪ ಅಮ್ಮ ಮೂಡಿಗೆರೆ ಹತ್ತಿರದ ತೋಟದ ಮನೆಯಲ್ಲಿ. ಅಲ್ಲೊಂದು ನ್ಯಾಸ್ ಇಟ್ಟಿದ್ದೇನೆ. ನೆಟ್‌ವರ್ಕ್ ಮೂಲಕ ಮನೆಯವರೆಲ್ಲ ಫೈಲು ಇಡೋಕೆ ಅಂತ ಇರುವ, ಎರಡು ಹಾರ್ಡ್ ಡಿಸ್ಕಿನ ಸಣ್ಣ ಪೆಟ್ಟಿಗೆ, ರೌಟರ್ ಪಕ್ಕದಲ್ಲೇ ಕೂತಿದೆ. ಮನೆಮಂದಿಯ ಫೋಟೊ ಎಲ್ಲ ಅದರಲ್ಲಿದೆ. ಅಪ್ಪ ದಿನಾ ಇಂಚು, ಸೆಂಟಿನಲ್ಲಿ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕಗಳನ್ನೂ ಸ್ಕ್ಯಾನ್ ಮಾಡಿ ಹಾಕಿದ್ದೇನೆ.

ಆರಿದ್ರಾ ಮಳೆ ಹಿಡಿಯಿತು ಅಂದರೆ ಯಾವುದಾದರೂ ಸಿಲ್ವರ್ ಮರ ಲೈನ್ ಮೇಲೆ ಬೀಳುತ್ತೆ. ಕರೆಂಟ್ ಹೋಗುತ್ತೆ, ಬರುತ್ತೆ, ಮತ್ತೆ ಹೋಗುತ್ತೆ. ಪೆಟ್ಟಿಗೆ ಏನಾದರೂ ಬರೆದುಕೊಳ್ಳುತ್ತಿರುವಾಗ ಹೀಗಾದರೆ, ಮೆಮೊರಿಯಲ್ಲಿದ್ದು ಇನ್ನೂ ಡಿಸ್ಕಿಗೆ ಇಳಿಯದೇ ಇದ್ದದ್ದು ಹೋದಂತೆಯೇ. ಅದಕ್ಕೇ 600 ವಿಎ ಯುಪಿಎಸ್ ಒಂದನ್ನು, ಅಂದರೆ ಕರೆಂಟ್ ಹೋದರೂ ಸ್ವಲ್ಪ ಹೊತ್ತು ಬ್ಯಾಟರಿಯಲ್ಲಿ ನಡೆಸೋ ಡಬ್ಬಿಯನ್ನು, ತಂದು ಕೂರಿಸಿದೆ. ಅದರಿಂದ ನ್ಯಾಸ್‌ಗೆ ಒಂದು ಯುಎಸ್‌ಬಿ ವೈರ್. ಕರೆಂಟ್ ಹೋದ ಸುದ್ದಿ ಆ ವೈರಿನಲ್ಲಿ ತಲುಪುತ್ತೆ. ಪೆಟ್ಟಿಗೆ ಐದು ನಿಮಿಷ ಕಾಯುತ್ತೆ. ಆಮೇಲೂ ಬರಲಿಲ್ಲ ಅಂದರೆ ಫೈಲುಗಳನ್ನೆಲ್ಲ ಮುಚ್ಚಿ, ಬರೆಯೋದು ಬಾಕಿ ಇದ್ದರೆ ಬರೆದು ಮುಗಿಸಿ, ಆಫ್ ಆಗುತ್ತೆ.

ಈ ಕೊನೆಯ ಕೆಲಸವನ್ನು ಕನ್ನಡದಲ್ಲಿ ಏನನ್ನೋಣ?

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಅಪ್ಪನ ಫೋನು. "ಮಗಾ, ನಿನ್ ಪೆಟ್ಟಿಗೆ ತಾನಾಗೇ ಆಫ್ ಆಗೋಗಿದೆ ನೋಡು." ನನಗೆ ಎದೆ ಧಸಕ್ಕೆಂದಿತು. ಬೆಳಿಗ್ಗೆಯೇ ಬೇಲೂರು ದಾಟಿ ಓಡಿದೆ. ಕರೆಂಟ್ ಬಂದ ಮೇಲೆ ಆನ್ ಮಾಡಿ ಅದರ ದಾಖಲೆ ನೋಡಿದರೆ, ಕಾದಿದೆ, ಫೈಲು ಮುಚ್ಚಿದೆ, ಆಫ್ ಆಗಿದೆ. ಎಲ್ಲ ನಾನು ಹೇಳಿಕೊಟ್ಟಂತೆಯೇ. ಅಪ್ಪ ಹೇಳಿದ್ದೂ ಸುಳ್ಳಲ್ಲ.

ನನ್ನ ಕಿವಿಗೆ 'ತಾನಾಗೇ' ಅಂದರೆ ಯಾರೂ ಮಾಡದೆ ಆದದ್ದು. ಗಾಳಿಗೆ ಬಾಗಿಲು ತಾನಾಗೇ ಹಾಕಿಕೊಂಡಿತು. 'ತಾನೇ' ಅಂದರೆ ಮಾಡಿದವನೊಬ್ಬ ಇದ್ದಾನೆ. ಬಾಗಿಲನ್ನು ತಾನೇ ಹಾಕಿದ. ಆದರೆ 'ತಾನೇ ಆಫ್ ಆಯ್ತು' ಅನ್ನಿ, ಈ ವ್ಯತ್ಯಾಸ ಕರಗಿಹೋಗುತ್ತೆ. 'ಆಗು' ಬಂದ ಕೂಡಲೇ ಮಾಡಿದವನು ಮಾಯ. 'ತನ್ನನ್ನು ತಾನು ಆಫ್ ಮಾಡಿಕೊಂಡಿತು' ಅನ್ನಬಹುದು, ವ್ಯಾಕರಣ ಸರಿ. ಅಪ್ಪನ ಬಾಯಲ್ಲಿ ಅದು ಹುಟ್ಟೋ ಮಾತಲ್ಲ.

ತಮಾಷೆ ಅಂದರೆ ಕರೆಂಟ್ ವಿಷಯದಲ್ಲಿ ನಾವು ಇದನ್ನು ಸಲೀಸಾಗಿ ಹೇಳ್ತೀವಿ. 'ಕರೆಂಟ್ ಹೋಯ್ತು' ಬೇರೆ, 'ಕರೆಂಟ್ ತೆಗೆದರು' ಬೇರೆ. ಮೊದಲನೆಯದರಲ್ಲಿ ಎಲ್ಲೋ ಮರ ಬಿದ್ದಿದೆ. ಎರಡನೆಯದರಲ್ಲಿ ಲೈನ್‌ಮನ್ ಕಂಬ ಹತ್ತಿದ್ದಾನೆ, ಕೆಲಸ ಮುಗಿಸಿ ಕೊಡ್ತಾನೆ. ಪತ್ರಿಕೆಯವರದ್ದು ಮಾತ್ರ 'ವಿದ್ಯುತ್ ವ್ಯತ್ಯಯ'. ವ್ಯತ್ಯಯ ಅಂದರೆ ಏರುಪೇರು ಅಲ್ವಾ? ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಇರೋದೇ ಇಲ್ಲ ಅನ್ನೋದು ಯಾವ ಏರುಪೇರು!

ಪೆಟ್ಟಿಗೆಗೆ ಬರೋಣ. 'ಸ್ಥಗಿತಗೊಂಡಿತು' ಬೇಡ, ಅರ್ಧಕ್ಕೆ ನಿಂತ ಸೇತುವೆ ಕಾಮಗಾರಿ ಕಣ್ಣಮುಂದೆ ಬರುತ್ತೆ. 'ಮಲಗಿತು' ಚೆನ್ನಾಗಿತ್ತು. ಆದರೆ ಯಾರೂ ಬಳಸದಿದ್ದಾಗ ಡಿಸ್ಕ್ ತಿರುಗೋದು ನಿಲ್ಲಿಸುತ್ತಲ್ಲ, ಆ ನಿದ್ದೆಗೆ ಅದು ಆಗಲೇ ಮೀಸಲು. 'ಬಾಗಿಲು ಹಾಕಿತು' ಅನ್ನೋದು ನನಗೆ ತುಂಬಾ ಇಷ್ಟವಾಗಿತ್ತು. ಅಂಗಡಿಯವರು ರಾತ್ರಿ ಲೆಕ್ಕ ಮುಗಿಸಿ, ಸಾಮಾನು ಒಳಗಿಟ್ಟು ಬಾಗಿಲು ಹಾಕ್ತಾರಲ್ಲ, ಸರಿಯಾಗಿ ಅದೇ ಕೆಲಸ. ಆದರೆ 'ಅಂಗಡಿ ಬಾಗಿಲು ಹಾಕಿತು' ಅಂದರೆ ದಿವಾಳಿ.

ಅಮ್ಮ ಕೊಟ್ಟದ್ದು 'ಶಾಂತ ಆಯ್ತು'. ಅಮ್ಮ ದೇವರ ದೀಪವನ್ನು ಯಾವತ್ತೂ 'ಆರಿಸು' ಅನ್ನೋದಿಲ್ಲ, 'ಶಾಂತ ಮಾಡು' ಅಂತಾರೆ. ಗಾಳಿಗೆ ಹೋದರೆ ಮಾತ್ರ 'ಆರಿತು'. ನನಗೆ ಬೇಕಾದ ವ್ಯತ್ಯಾಸ ಇಲ್ಲಿ ಪೂರ್ತಿ ಇದೆ. ಆದರೆ 'ನ್ಯಾಸ್ ಶಾಂತ ಆಯ್ತು' ಅಂದರೆ ತಂಗಿ ನಗ್ತಾಳೆ, ಅದಕ್ಕೆ ಸಿಟ್ಟು ಬಂದಿತ್ತಾ ಅಂತ.

ಸುಮ್ನೆ ಇನ್ನೊಂದು. ಯುಪಿಎಸ್ ತರೋಕೆ ಹೋದಾಗ ಅಂಗಡಿಯವರು "ಬ್ಯಾಕಪ್ ಎಷ್ಟು ಬೇಕು ಸಾರ್" ಅಂದರು. "ನಾಲ್ಕು ಟಿಬಿ" ಅಂದೆ. ಅವರು ಕೇಳಿದ್ದು ಎಷ್ಟು ಹೊತ್ತು ಅಂತ! ಬ್ಯಾಟರಿ ಎಷ್ಟು ಹೊತ್ತು ಎಳೆಯುತ್ತೆ ಅನ್ನೋದೂ ಬ್ಯಾಕಪ್, ಫೈಲಿನ ಇನ್ನೊಂದು ಪ್ರತಿಯೂ ಬ್ಯಾಕಪ್. 'ಯುಪಿಎಸ್' ಕಥೆಯೂ ಅಷ್ಟೇ. ನಮ್ಮ ಕಡೆ ಮನೆಯ ಇನ್ವರ್ಟರ್‌ಗೂ ಅದೇ ಹೆಸರು. "ಮನೇಲಿ ಯುಪಿಎಸ್ ಇದೆಯಲ್ಲ, ಇನ್ನೊಂದ್ಯಾಕೆ" ಅಂತ ಅಮ್ಮ ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಇನ್ವರ್ಟರ್ ಕರೆಂಟ್ ಹಿಡಿದುಕೊಳ್ಳೋವಷ್ಟರಲ್ಲಿ ಬಲ್ಬ್ ಒಮ್ಮೆ ಕಣ್ಣು ಮಿಟುಕಿಸುತ್ತೆ. ಬಲ್ಬಿಗೆ ಅದು ಲೆಕ್ಕಕ್ಕಿಲ್ಲ, ಪೆಟ್ಟಿಗೆ ಅಷ್ಟಕ್ಕೇ ಸತ್ತು ಹುಟ್ಟುತ್ತೆ.

ಈಗ ಪೆಟ್ಟಿಗೆ ಮೇಲೆ ಅಂಟಿಸಿರುವ ಚೀಟಿ ಹೀಗಿದೆ: 'ಕರೆಂಟ್ ಹೋಗಿ ಐದು ನಿಮಿಷಕ್ಕೆ ಇದು ಆಫ್ ಆಗುತ್ತೆ. ಕೆಟ್ಟಿಲ್ಲ. ಸ್ವಿಚ್ ಒತ್ತಬೇಡಿ.' ಇದರಲ್ಲಿ 'ಕೆಟ್ಟಿಲ್ಲ' ಅಂತ ಬೇರೆ ಹೇಳಬೇಕಾಗದಂಥ ಕ್ರಿಯಾಪದ ನಿಮ್ಮ ಕಡೆ ಯಾರ ಬಾಯಲ್ಲಾದರೂ ಇದೆಯಾ? ಹಾಗೇ 'ಕರೆಂಟ್ ತೆಗೆದರು' ಬಯಲುಸೀಮೆಯಲ್ಲೂ ಇದೇ ಅರ್ಥದಲ್ಲಿ ನಡೆಯುತ್ತಾ, ತಿಳಿಸಿ.