ಸಹಾಯ ಬೇಕು: ದಿನಾ ಸೊಂಟದಲ್ಲಿಟ್ಟುಕೊಳ್ಳಲು ಹಗುರ ರಿವಾಲ್ವರ್ ಯಾವುದು?

ಪುಣೆಯ ಕನ್ನಡಿಗರಿಗೆ ನಮಸ್ಕಾರ. ಹಡಪ್ಸರದಲ್ಲಿ ನಮ್ಮದೊಂದು ಉಡುಪಿ ಹೋಟೆಲ್. ರಾತ್ರಿ ಗಲ್ಲಾ ಎಣಿಸಿ, ಹಣ ತಗೊಂಡು ಬೈಕಲ್ಲಿ ಮನೆಗೆ ಹೋಗುವವನು ನಾನೇ. ಎರಡು ಸಲ ಯಾರೋ ಬೆನ್ನಟ್ಟಿ ಬಂದ ಮೇಲೆ ಅರ್ಜಿ ಹಾಕಿದೆ, ಈಗ ಲೈಸೆನ್ಸ್ ಕೈಗೆ ಬಂದಿದೆ.

ಕಾನ್ಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾಗುವ .32 ಬೋರ್ (ನಳಿಗೆಯ ಅಳತೆ) ರಿವಾಲ್ವರ್‌ಗಳಲ್ಲೇ ಎರಡರ ಮೇಲೆ ಕಣ್ಣಿಟ್ಟಿದ್ದೇನೆ. 2014ರಲ್ಲಿ ಬಂದ ನಿರ್ಭೀಕ್ 525 ಗ್ರಾಂ. 2023ರ ಪ್ರಬಲ್ ಗುಂಡಿಲ್ಲದೆ 675 ಗ್ರಾಂ. ಪ್ರಬಲ್‌ನಲ್ಲಿ ಗುಂಡು ತುಂಬುವ ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತೆ. ನಿರ್ಭೀಕ್‌ನದು ನಳಿಗೆಯೇ ಕೆಳಕ್ಕೆ ಬಾಗಿ ತೆರೆಯುವ ಹಳೇ ಪದ್ಧತಿ. ಅಂಗಡಿಯಲ್ಲಿ ನಿರ್ಭೀಕ್ ಹಿಡಿದು ನೋಡಿದೆ, ನನ್ನ ದಪ್ಪ ಕೈಗೆ ಕಿರುಬೆರಳು ಹಿಡಿಯಿಂದ ಹೊರಗೇ ಉಳೀತು. ತೂಕ ಕಡಿಮೆಯಾದಷ್ಟೂ ಒದೆತ ಜಾಸ್ತಿ, ಗುರಿ ತಪ್ಪಿ ದಾರಿಹೋಕರಿಗೆ ತಗುಲಿದರೆ ಏನು ಗತಿ ಅನ್ನೋದೇ ನನ್ನ ದೊಡ್ಡ ಭಯ. ಆದರೆ ಭಾರ ಅಂತ ಮನೆಯಲ್ಲೇ ಬಿಟ್ಟು ಹೋದರೆ ತಗೊಂಡೂ ಪ್ರಯೋಜನವಿಲ್ಲ.

ಇವೆರಡರಲ್ಲಿ ಯಾವುದನ್ನಾದರೂ ದಿನಾ ಇಟ್ಟುಕೊಳ್ಳುವವರು ದಯವಿಟ್ಟು ಹೇಳಿ: ರಿವಾಲ್ವರ್‌ನ ಹಿಂಬದಿಯ ಸುತ್ತಿಗೆ (ಹ್ಯಾಮರ್) ಮೊದಲೇ ಹಿಂದಕ್ಕೆ ಎಳೆಯದೆ ನೇರ ಟ್ರಿಗರ್ ಒತ್ತಿದರೆ ಕೈ ಅಲುಗುತ್ತಾ? ಸಾರ್ವಜನಿಕ ಜಾಗದಲ್ಲಿ ಹೋಲ್‌ಸ್ಟರ್‌ನಲ್ಲಿ ಪೂರ್ತಿ ಮುಚ್ಚಿಯೇ ಇಡಬೇಕು ಅನ್ನೋದು ನಿಯಮ, ಸರಿ. ಆದರೆ ಜುಲೈ ಮಳೆಯಲ್ಲಿ, ರೇನ್‌ಕೋಟ್ ಒಳಗಿನ ಬೆವರಿಗೆ ಚರ್ಮದ ಹೋಲ್‌ಸ್ಟರ್ ಬೂಷ್ಟು ಹಿಡಿಯಲ್ವಾ? ಪುಣೆ ಸುತ್ತಮುತ್ತ ಹೊಸಬರಿಗೆ ತಾಳ್ಮೆಯಿಂದ ಗುರಿ ಕಲಿಸುವ ರೇಂಜ್ ಗೊತ್ತಿದ್ದರೂ ತಿಳಿಸಿ, ಖರೀದಿಗೆ ಮುಂಚೆ ಅಲ್ಲಿಗೇ ಹೋಗ್ತೇನೆ.