ಕೆಲಸ 24 ನಿಮಿಷ, ಬಿಲ್ ಪಾಸಾಗಲು 9 ದಿನ: ಲೀನ್ ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಮ್ಮ ಲೆಕ್ಕಪತ್ರ ವಿಭಾಗದಲ್ಲಿ ಪ್ರತಿ ಬಿಲ್ ಆವಕ, ಪರಿಶೀಲನೆ, ಮಂಜೂರಾತಿ ಎಂಬ ಮೂರು ಟೇಬಲ್ ದಾಟಬೇಕು. ಒಂದೊಂದರಲ್ಲಿ 8 ನಿಮಿಷದ ಕೆಲಸ. ದಿನಕ್ಕೆ 20 ಬರುತ್ತವೆ, 20 ಹೋಗುತ್ತವೆ, 180 ಬಾಕಿ ಇದ್ದೇ ಇರುತ್ತವೆ. ಯಾರೂ ಸುಮ್ಮನೆ ಕೂತಿಲ್ಲ. ಲೀನ್ (ವ್ಯರ್ಥ ಕಾಯುವಿಕೆ, ಓಡಾಟ ತೆಗೆದು ಕೆಲಸ ಸರಾಗ ಮಾಡುವ ಪದ್ಧತಿ) ಅಂತ ಕಪಾಟು ಜೋಡಿಸಿ, ಗೋಡೆಗೆ ಬೋರ್ಡ್ ಹಾಕಿದೆವು. ಈಗ ಅದರತ್ತ ಯಾರೂ ತಿರುಗಿ ನೋಡುವುದಿಲ್ಲ. ಅನುಭವ ಇರುವವರು ತಿಳಿಸಿ.

ಉತ್ತರ 1: ನಿಮ್ಮ 9 ದಿನ ಎಲ್ಲಿಂದ ಬಂತು ಅನ್ನುವುದು ನೀವು ಕೊಟ್ಟ ಅಂಕಿಯಲ್ಲೇ ಇದೆ. ಬಾಕಿ 180, ದಿನದ ವಿಲೇವಾರಿ 20, ಭಾಗಿಸಿದರೆ 9. ಇದು ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ ಸಂಬಂಧ. 8 ನಿಮಿಷದ ಕೆಲಸವನ್ನು 7ಕ್ಕೆ ಇಳಿಸಿದರೆ ಪ್ರತಿ ಬಿಲ್‌ನಲ್ಲಿ ಉಳಿಯುವುದು 3 ನಿಮಿಷ. 9 ದಿನದ ಮುಂದೆ ಅದು ಯಾವ ಲೆಕ್ಕ? 3 ದಿನಕ್ಕೆ ಬರಬೇಕಾದರೆ ಬಾಕಿ 60ಕ್ಕೆ ಇಳಿಯಬೇಕು. ಬಂದಷ್ಟೇ ಹೋಗುತ್ತಿರುವುದರಿಂದ ಅದು ತಾನಾಗಿ ಇಳಿಯುವುದಿಲ್ಲ. ದಿನಕ್ಕೆ 4 ಹೆಚ್ಚು ವಿಲೇವಾರಿ ಮಾಡಿದರೆ 30 ಕೆಲಸದ ದಿನ ಹಿಡಿಯುತ್ತದೆ.

ಅದಕ್ಕೂ ಮೊದಲು ಮುಂದಿನ 20 ಬಿಲ್‌ಗಳಿಗೆ ಒಂದೊಂದು ಚೀಟಿ ಲಗತ್ತಿಸಿ. ಪ್ರತಿ ಟೇಬಲ್‌ನಲ್ಲೂ ಬಂದ ಹೊತ್ತು, ಕೈಗೆತ್ತಿಕೊಂಡ ಹೊತ್ತು, ಬಿಟ್ಟ ಹೊತ್ತು, ಮೂರನ್ನೂ ಬರೆಯಬೇಕು. ನಡುವಿನದನ್ನು ಬಿಟ್ಟರೆ ಕಾಯುವಿಕೆಯೂ ಕೆಲಸವೂ ಕಲಸಿಹೋಗುತ್ತವೆ. ಸಂಜೆ ಕೂತು ನೆನಪಿನಿಂದ ತುಂಬಿದ ಚೀಟಿ ನಂಬುವಂತಿಲ್ಲ. ಚೀಟಿಯಲ್ಲಿ ನೌಕರರ ಹೆಸರು ಬೇಡ, ಟೇಬಲ್ ಹೆಸರು ಸಾಕು. ಹೆಸರು ಹಾಕಿದರೆ ಹೊತ್ತು ಚೆಂದಗಾಣಿಸಿ ಬರೆಯುತ್ತಾರೆ.

ಉತ್ತರ 2: ಬಿಲ್‌ಗಳನ್ನು ಕಂತೆ ಕಟ್ಟಿ ಮುಂದಿನ ಟೇಬಲ್‌ಗೆ ಕಳಿಸುತ್ತಿದ್ದೀರಾ, ನೋಡಿ. ಹಿಂದೆ ಬಾಕಿಯೇ ಇಲ್ಲ ಅಂದುಕೊಂಡರೂ, 20ರ ಕಂತೆ ಮೊದಲ ಟೇಬಲ್ ಬಿಡಲು 160 ನಿಮಿಷ, ಮೂರೂ ದಾಟಲು 480 ನಿಮಿಷ. ಒಂದೊಂದಾಗಿ ಕಳಿಸಿದರೆ ಮೊದಲ ಬಿಲ್ 24ನೇ ನಿಮಿಷಕ್ಕೆ, ಇಪ್ಪತ್ತನೆಯದು 176ನೇ ನಿಮಿಷಕ್ಕೆ ಮುಗಿಯುತ್ತದೆ. ಕೆಲಸದ ವೇಗ ಒಂದಿಷ್ಟೂ ಬದಲಾಗಿಲ್ಲ! ಟೇಬಲ್‌ಗಳು ದೂರ ಇದ್ದು ಒಂದೊಂದಕ್ಕೂ ಎದ್ದು ಓಡಾಡಬೇಕಿದ್ದರೆ 5ರ ಕಂತೆ ಮಾಡಿ, 240 ನಿಮಿಷ ಆಗುತ್ತದೆ. ತಪ್ಪೂ ಬೇಗ ಸಿಗುತ್ತದೆ: ಆವಕದಲ್ಲಿ ಖಾತೆ ಶೀರ್ಷಿಕೆ ತಪ್ಪಿದ್ದರೆ 20 ಬಿಲ್ ಕೆಟ್ಟ ಮೇಲಲ್ಲ, ಒಂದೆರಡರಲ್ಲೇ ಗೊತ್ತಾಗುತ್ತದೆ.

ಉತ್ತರ 3: ವಾಪಸ್ ಬರುವ ಬಿಲ್‌ಗಳ ಬಗ್ಗೆ ಯಾರೂ ಹೇಳಿಲ್ಲ. ನನ್ನ ಪ್ರಕಾರ ಬಾಕಿ ಬೆಳೆಯುವುದೇ ಅಲ್ಲಿ. ಪ್ರತಿ ಟೇಬಲ್‌ನಲ್ಲಿ 100ಕ್ಕೆ 90 ಸರಿಯಾಗಿ ದಾಟಿದರೂ, ಮೂರನ್ನೂ ಒಂದೇ ಸಲಕ್ಕೆ ದಾಟುವುದು 73 ಮಾತ್ರ. ಎರಡು ವಾರ ಪ್ರತಿ ಆಕ್ಷೇಪಣೆಯ ಕಾರಣಕ್ಕೂ ಒಂದು ಗೀಟು ಎಳೆಯಿರಿ: ಖರೀದಿ ಆದೇಶದ ಸಂಖ್ಯೆ ಇಲ್ಲ, ಮೊತ್ತ ತಾಳೆಯಾಗಿಲ್ಲ, ಸರಕು ಸ್ವೀಕೃತಿ ಇಲ್ಲ, ಹೀಗೆ. ಅತಿ ಹೆಚ್ಚು ಗೀಟು ಬಿದ್ದ ಒಂದನ್ನು ಮಾತ್ರ ಹಿಡಿಯಿರಿ.

ಐದು ಸಲ ‘ಯಾಕೆ’ ಕೇಳುವ ಟೊಯೋಟಾ ಪದ್ಧತಿ ಇಲ್ಲಿ ಚೆನ್ನಾಗಿ ಒಪ್ಪುತ್ತದೆ, ಆದರೆ ಬಹಳ ಕಡೆ ‘ಗಮನ ಕೊಡಲಿಲ್ಲ’ ಎಂಬಲ್ಲಿಗೆ ಬಂದು ನಿಂತುಬಿಡುತ್ತದೆ. ಅದು ಕಾರಣವಲ್ಲ, ಇನ್ನೊಂದು ‘ಯಾಕೆ’ ಬಾಕಿ ಇದೆ. ಸಂಖ್ಯೆ ಇಲ್ಲ, ಯಾಕೆ? ಪೂರೈಕೆದಾರರು ಬರೆದಿಲ್ಲ. ಯಾಕೆ? ಅವರಿಗೆ ಹೋದ ಆದೇಶಪತ್ರದಲ್ಲಿ ಸಂಖ್ಯೆ ಎರಡನೇ ಪುಟದ ಅಡಿಯಲ್ಲಿದೆ. ಈಗ ಕೈಗೆ ಸಿಕ್ಕಿದ್ದು ಸರಿಪಡಿಸಬಹುದಾದ ವಸ್ತು. ಈ ‘ಯಾಕೆ’ಗಳ ಸರಪಳಿಯನ್ನು ಕೊನೆಯಿಂದ ‘ಆದ್ದರಿಂದ’ ಸೇರಿಸಿ ಓದಿ. ಎಲ್ಲಿ ಎಡವುತ್ತದೋ ಅಲ್ಲಿ ಊಹೆ ನುಸುಳಿದೆ. ಮತ್ತೆ, ಅಪೂರ್ಣ ಬಿಲ್ಲನ್ನು ಆವಕದಲ್ಲೇ ತಡೆಯಿರಿ. ‘ಆಮೇಲೆ ಸೇರಿಸಿದರಾಯ್ತು’ ಎಂದು ಒಳಗೆ ಬಿಟ್ಟದ್ದು ಮೂರು ಟೇಬಲ್‌ಗಳ ಹೊತ್ತನ್ನೂ ತಿನ್ನುತ್ತದೆ.

ಉತ್ತರ 4: ಬೋರ್ಡ್ ವಿಷಯ. ಮುಗಿದ ಕೆಲಸದ ಪಟ್ಟಿಯಾಗಿ ಅದನ್ನು ಬಳಸಿದರೆ ನೋಡುವ ಅಗತ್ಯವೇ ಇರುವುದಿಲ್ಲ. ‘ತಡೆದು ನಿಂತಿದೆ’ ಎಂಬ ಕಾಲಂ ಬೇಕು. ಅದರಲ್ಲಿನ ಪ್ರತಿ ಚೀಟಿಯ ಮೇಲೂ ಯಾರಿಂದ ಏನು ಬರಬೇಕು, ಯಾವ ದಿನದಿಂದ ನಿಂತಿದೆ ಎಂದಿರಬೇಕು. ಒಬ್ಬರ ಕೈಯಲ್ಲಿ ಏಕಕಾಲಕ್ಕೆ ಎರಡೇ ಬಿಲ್ ಎಂಬ ಮಿತಿ ಹಾಕಿ. ಬೆಳಿಗ್ಗೆ 10 ನಿಮಿಷ ನಿಂತೇ ಮಾತಾಡಿ, ಮುಗಿಯಲು ಹತ್ತಿರವಿರುವ ಬಿಲ್‌ಗಳಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಸಲಹೆ ಕೊಟ್ಟವರಿಗೆ ಎರಡು ದಿನದೊಳಗೆ ಹೌದು, ಇಲ್ಲ, ಯಾಕೆ ಎಂಬ ಉತ್ತರ ಹೋಗಲೇಬೇಕು. ಉಳಿತಾಯವಾದ ಸಮಯ ತೋರಿಸಿ ಜನರನ್ನು ಕಡಿಮೆ ಮಾಡಿದಿರೋ, ಎರಡನೇ ಸಲಹೆ ಬರುವುದಿಲ್ಲ. ಕಪಾಟು ಜೋಡಿಸಿದ್ದು ತಪ್ಪಲ್ಲ, ಆದರೆ ನಿಮ್ಮ 9 ದಿನ ಕಪಾಟಿನಲ್ಲಿಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಆದರೆ ಮಂಜೂರಾತಿ ಅಧಿಕಾರಿ ಸಂಜೆ ಒಂದೇ ಸಲ ಸಹಿ ಮಾಡುತ್ತಾರೆ. ಮಿಕ್ಕ ಹೊತ್ತು ಅವರಿಗೆ ಬಿಡುವೇ ಇಲ್ಲ.

ಉತ್ತರ 2: ಹಾಗಾದರೆ ಕಂತೆ ಕಟ್ಟುತ್ತಿರುವುದು ಅವರ ಟೇಬಲ್. ಬೆಳಿಗ್ಗೆ 11, ಸಂಜೆ 4 ಎಂದು ಎರಡು ಹೊತ್ತು ಗೊತ್ತುಮಾಡಿ. ಎಲ್ಲ ಬಿಲ್ಲಿಗೂ ಒಂದೇ ನಮೂನೆಯ ಮೇಲುಪುಟ ಇರಲಿ, ಸಹಿ ಮಾಡುವವರು ಪುಟ ತಿರುವಿ ಹುಡುಕಬಾರದು. ರಜೆ ಹಾಕಿದಾಗ ಯಾರು, ಎಷ್ಟು ಮೊತ್ತದವರೆಗೆ ಸಹಿ ಮಾಡಬಹುದು ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯಿರಿ.

ಉತ್ತರ 1: ಒಂದು ಸೇರಿಸುತ್ತೇನೆ. ಬಿಲ್ ಪಾಸಾಗಲು ಹಿಡಿಯುವ ದಿನಗಳ ವಾರದ ಸರಾಸರಿ ಇಳಿದರೆ ನಂಬಬೇಡಿ. ಸುಲಭದ ಬಿಲ್‌ಗಳನ್ನೇ ಆರಿಸಿ ಮುಗಿಸಿದರೂ ಅದು ಇಳಿಯುತ್ತದೆ. ಎಲ್ಲಕ್ಕಿಂತ ಹಳೆಯ ಬಿಲ್ ಎಷ್ಟು ದಿನದ್ದು ಎಂದು ಪ್ರತಿದಿನ ಬೋರ್ಡ್‌ನ ಮೇಲ್ತುದಿಯಲ್ಲಿ ಬರೆಯಿರಿ.